ಎಂಟು ಪುಟದ ಸೌನಾ

ಸೌನಾ ಎಂದರೇನೆಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎಂಬುದೂ ಗೊತ್ತಿಲ್ಲದವರು ತಿದ್ದಪ್ಪನವರೊಬ್ಬರೇ.

ತಿದ್ದಪ್ಪ ಎಂಬುದು ಅವರ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದ ಅವರಿಗೆ ಕೆಲಸ ಮುಗಿಸಿ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಔಷಧಿ ಚೀಟಿ, ಬಸ್ ಟಿಕೆಟಿನ ಹಿಂಬದಿ, ಮದುವೆಯ ಕರೆಯೋಲೆ, ಕಣ್ಣಿಗೆ ಬಿದ್ದುದಕ್ಕೆಲ್ಲ ಕೆಂಪು ಶಾಯಿ. ಒಮ್ಮೆ ತಮ್ಮದೇ ರಕ್ತಪರೀಕ್ಷೆಯ ವರದಿಯನ್ನು ತಿದ್ದಿ ವೈದ್ಯರ ಮುಂದಿಟ್ಟಿದ್ದರು. ವೈದ್ಯರು ಕೆಂಪು ಗುರುತುಗಳನ್ನು ನೋಡಿ ಗಾಬರಿಯಾಗಿ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ತಿದ್ದಪ್ಪನವರು ಮಲಗಿಕೊಂಡೇ ಆಸ್ಪತ್ರೆಯ ಸೂಚನಾಫಲಕ ತಿದ್ದಿದರು.

ಆ ಕಸುಬಿನಲ್ಲಿ ಒಂದು ಗುರುತಿದೆ. ತಪ್ಪೆಂದು ಹೊಡೆದುಹಾಕಿದ ಪದ ಸರಿಯಾಗಿಯೇ ಇತ್ತೆಂದು ಆಮೇಲೆ ಹೊಳೆದರೆ ಅದರ ಕೆಳಗೆ ಸಾಲಾಗಿ ಚುಕ್ಕೆಗಳನ್ನಿಡಬೇಕು. 'ಹೊಡೆದದ್ದು ನನ್ನ ತಪ್ಪು, ಇದು ಹಾಗೇ ಇರಲಿ' ಎಂದು ಅರ್ಥ. ಈ ಗುರುತನ್ನು ತಿದ್ದಪ್ಪನವರು ಇಡೀ ಸೇವಾವಧಿಯಲ್ಲಿ ನಾಲ್ಕು ಸಲ ಮಾತ್ರ ಬಳಸಿದ್ದರು. ಅದರಲ್ಲೂ ಒಂದು, ಮನೆಸಾಮಾನಿನ ಪಟ್ಟಿಯಲ್ಲಿ. ಹೆಂಡತಿ ಬರೆದಿದ್ದ 'ಕೈಗೆ ಹಚ್ಚುವ ಎಣ್ಣೆ'ಯನ್ನು ಅನಗತ್ಯವೆಂದು ಹೊಡೆದುಹಾಕಿ ಹೊರಟವರು, ಆಕೆ ಬೆರಳಿನ ಗಂಟುಗಳನ್ನು ಒತ್ತಿಕೊಳ್ಳುತ್ತ ಕೂತಿದ್ದು ನೆನಪಾಗಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಚುಕ್ಕೆ ಇಟ್ಟಿದ್ದರು.

ಆ ಹೆಂಡತಿ ಅದೇ ಮುದ್ರಣಾಲಯದ ಹಿಂದಿನ ಹಜಾರದಲ್ಲಿ ಹಾಳೆ ಮಡಿಸುತ್ತಿದ್ದರು. ಕೆಲಸದವರೆಲ್ಲ ಮಡಿಕೆಯಕ್ಕ ಎನ್ನುತ್ತಿದ್ದರು. ದೊಡ್ಡ ಹಾಳೆಯ ಮೇಲೆ ಪುಟಗಳನ್ನು ಅಚ್ಚು ಹಾಕುವಾಗ ಒಂದರ ಪಕ್ಕ ಎರಡು ಬರುವುದಿಲ್ಲ. ಎಂಟರ ಪಕ್ಕ ಒಂದು, ಅವುಗಳ ನೆತ್ತಿಯ ಮೇಲೆ ತಲೆಕೆಳಗಾಗಿ ನಾಲ್ಕು ಮತ್ತು ಐದು, ಹಾಳೆ ಮಗುಚಿದರೆ ಎರಡರ ಪಕ್ಕ ಏಳು. ನೋಡಿದವರಿಗೆ ತಲೆ ಕೆಡಬೇಕು. ಮಡಿಕೆಯಕ್ಕ ಅದನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ಮಡಿಸಿ, ಮೂಳೆಯ ಚಪ್ಪಟೆ ಪಟ್ಟಿಯಿಂದ ಅಂಚನ್ನು ಎರಡು ಸಲ ತೀಡಿದರೆ ಮುಗಿಯಿತು. ಪುಟಗಳೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತಿದ್ದವು.

ತಿದ್ದಪ್ಪನವರ ಮೇಜಿಗೆ ಬರುತ್ತಿದ್ದುದು ಮಡಿಸುವ ಮುಂಚಿನ ಹಾಳೆ. ಹೀಗಾಗಿ ಅವರು ಓದಿದ ಕಾದಂಬರಿಗಳಲ್ಲೆಲ್ಲ ಮೊದಲು ಸಾವು, ಪಕ್ಕದಲ್ಲಿ ಹುಟ್ಟು, ಮೇಲೆ ತಲೆಕೆಳಗಾಗಿ ಮದುವೆ. ಅವರಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಅವರು ನೋಡುತ್ತಿದ್ದುದು ದೀರ್ಘ, ಒತ್ತು, ಅಲ್ಪವಿರಾಮ. ಸಂಜೆ ಇಬ್ಬರೂ ನಡೆದು ಮನೆಗೆ ಹೋಗುವಾಗ ಆಕೆ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು.

"ಓಹೋ, ಆ ವಕೀಲ ಅವಳ ಅಣ್ಣನಾ? ನಾನು ಗಂಡ ಅಂದ್ಕೊಂಡಿದ್ದೆ."

"ಗಂಡ ಮೂರನೇ ಪುಟದಲ್ಲೇ ಬಿಟ್ಟು ಹೋದ ಕಣ್ರೀ. ನೀವು ಅದನ್ನ ಕೊನೇಲಿ ಓದಿರ್ತೀರ."

"ಅಕ್ಷರ ನನ್ನದು, ಅನುಕ್ರಮ ನಿಂದು," ಎಂದು ತಿದ್ದಪ್ಪನವರು ಗಂಭೀರವಾಗಿ ಒಪ್ಪಂದ ಘೋಷಿಸುತ್ತಿದ್ದರು. ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳಿದ ಹಾಗೆ ಇಪ್ಪತ್ತಾರು ವರ್ಷ ನಡೆಯಿತು.

ಹೀಗಿರುವಾಗ ಊರಿನಲ್ಲಿ ಹೊಸದಾಗಿ ಸೌನಾ, ಅಂದರೆ ಬಿಸಿ ಕೋಣೆಯಲ್ಲಿ ಕೂತು ಬೆವರುವ ಸ್ನಾನಗೃಹ, ತೆರೆದವರು ಒಂದು ಕೈಪಿಡಿ ಅಚ್ಚು ಹಾಕಿಸಲು ಬಂದರು. ಹೊಸಬರು ಸೌನಾ ತೆಗೆದುಕೊಳ್ಳುವ ಸರಿಯಾದ ಕ್ರಮ. ಎಂಟು ಪುಟ, ಎರಡು ಸಾವಿರ ಪ್ರತಿ. ಪುಟಸಂಖ್ಯೆ ಬೇಡ, ಅಂದ ಕೆಡುತ್ತದೆ ಎಂದರು. ಪುಟಸಂಖ್ಯೆಯಿಲ್ಲದ ಪುಸ್ತಕ ಗುಂಡಿಯಿಲ್ಲದ ಅಂಗಿಯಿದ್ದಂತೆ ಎಂದು ತಿದ್ದಪ್ಪನವರು ಅರ್ಧ ದಿನ ವಾದಿಸಿ ಸೋತರು. ಕೆಲಸ ಚೆನ್ನಾಗಿ ಬಂದದ್ದಕ್ಕೆ ಸೌನಾದವರು ಮಡಿಸಿದವರಿಗೆಂದು ಇಬ್ಬರ ಪಾಸು ಕಳಿಸಿಕೊಟ್ಟರು.

ಮಡಿಕೆಯಕ್ಕ ಆ ಪಾಸನ್ನು ಎರಡು ದಿನ ಕೈಚೀಲದಲ್ಲಿಟ್ಟುಕೊಂಡು ಓಡಾಡಿದರು. ಹಜಾರದ ಸಿಮೆಂಟು ನೆಲದ ಥಂಡಿಗೆ ಆಕೆಯ ಬೆರಳುಗಳು ವರ್ಷವೆಲ್ಲ ಸೆಟೆದಿರುತ್ತಿದ್ದವು.

"ಒಂದ್ಸಲ ಸರಿಯಾಗಿ ಬಿಸಿಯಲ್ಲಿ ಕೂರಬೇಕು ಕಣ್ರೀ. ಮೂಳೆವರೆಗೂ ಹೋಗೋ ಅಂಥ ಬಿಸಿ."

"ಹೋಗೋಣ. ಆದರೆ ಅಲ್ಲಿ ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ. ಒಳಗೆ ನಾನಿರಲ್ಲ. ಅದಕ್ಕೆ ಮೊದಲೇ ಕಲಿಸಿಕೊಡ್ತೀನಿ, ನಂಗೆ ಪೂರ್ತಿ ಬಾಯಿಪಾಠ." ತಿದ್ದಪ್ಪನವರು ನಿಂತುಕೊಂಡು, ಕೈ ಹಿಂದೆ ಕಟ್ಟಿ, ಎಂಟೂ ಪುಟವನ್ನು ಒಪ್ಪಿಸಿದರು.

ಮಡಿಕೆಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಕಣ್ಣಲ್ಲಿ ನೀರು ಬರುವಷ್ಟು ಕೇಳಿದರು.

"ಯಾಕೆ, ಅರ್ಥ ಆಗ್ಲಿಲ್ವಾ?"

"ಆಯ್ತು. ತುಂಬಾ ಚೆನ್ನಾಗಿದೆ. ನೀವು ಹೇಳಿದ ಹಾಗೇ ಮಾಡ್ತೀನಿ."

ತಮ್ಮ ಕಂಠಪಾಠಕ್ಕೆ ಹೆಂಡತಿ ಬೆರಗಾದಳೆಂದು ತಿದ್ದಪ್ಪನವರು ತಿಳಿದರು. ಮುಂದಿನ ಭಾನುವಾರ ಎಂದರು. ಆ ಭಾನುವಾರ ಪಂಚಾಂಗದ ಕರಡು ಬಂತು. ಅದರ ಮುಂದಿನ ಭಾನುವಾರ ಎಂದರು. ಆಗ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಅವಸರ. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಮಡಿಕೆಯಕ್ಕ ಏಳಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಯಾವುದೂ ಮಡಿಸಿಕೊಂಡಿರಲಿಲ್ಲ. ಹೊದಿಕೆ ಮಂಚದ ಮೇಲೆ ಬಿದ್ದಂತೆಯೇ ಬಿದ್ದಿರುತ್ತಿತ್ತು. ಒಗೆದ ಅಂಗಿಗಳು ಕುರ್ಚಿಯ ಬೆನ್ನಿಗೆ ಜೋತುಬಿದ್ದು, ಬಂದವರಿಗೆ ಕೂರಲು ಜಾಗ ಬಿಡುತ್ತಿರಲಿಲ್ಲ. ಮಡಿಸುವುದು ಹೇಗೆಂದು ತಿದ್ದಪ್ಪನವರಿಗೆ ಗೊತ್ತೇ ಇರಲಿಲ್ಲ.

ಏಳು ತಿಂಗಳ ಮೇಲೆ ಭಾವಮೈದ ಬಂದ. ಮಡಿಕೆಯಕ್ಕನ ತಮ್ಮ, ಬೀಗ ರಿಪೇರಿಯವನು. ಊರಿನ ಯಾವ ಬೀಗಕ್ಕೂ ಹೆದರದವನಿಗೆ ಭಾವನೆಂದರೆ ಮಾತ್ರ ಭಯಭಕ್ತಿ. ಅಕ್ಕನ ಕೈಚೀಲದ ಕೆಟ್ಟ ಜಿಪ್ಪನ್ನು ಸುಮ್ಮನೆ ಕೂರಲಾರದೆ ಬಿಚ್ಚಿದಾಗ ಪಾಸು ಸಿಕ್ಕಿತು.

"ಭಾವ, ಇದರ ಕೊನೇ ದಿನ ಈ ಭಾನುವಾರ."

ತಿದ್ದಪ್ಪನವರು ಪಾಸನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ತಿದ್ದಲಿಲ್ಲ.

"ಹೋಗೋಣ," ಎಂದರು. "ಸರಿಯಾಗಿ ತಗೊಂಡು ಬರೋಣ. ಒಂದು ತಪ್ಪೂ ಆಗಬಾರದು. ಅವಳಿಗೆ ಹೇಳಿಕೊಟ್ಟ ಹಾಗೇ ಆಗಬೇಕು."

ಸುದ್ದಿ ಹಬ್ಬಿತು. ಭಾನುವಾರ ಬೆಳಿಗ್ಗೆ ಎದುರುಮನೆಯ ಟೀಚರಮ್ಮ ಗೇಟಿನ ಬಳಿ ತಡೆದರು.

"ಸೌನಾಕ್ಕೆ ಹೊರಟ್ರಂತೆ. ಅದರಲ್ಲಿ ಬೆಂದುಹೋಗಲ್ವಾ?"

"ಕ್ರಮ ಗೊತ್ತಿಲ್ಲದವರು ಬೇಯ್ತಾರೆ ಟೀಚರಮ್ಮ."

"ನಿಮಗೆ ಗೊತ್ತಾ?"

"ಅದರ ಗ್ರಂಥ ನನ್ನ ರುಜು ಆದ ಮೇಲೇ ಅಚ್ಚಾಗಿದ್ದು."

"ಅಲ್ಲ, ಒಂದ್ಸಲನಾದ್ರೂ ಒಳಗೆ ಹೋಗಿದೀರಾ ಅಂತ."

"ವಿಮಾನದ ಪುಸ್ತಕಾನೂ ತಿದ್ದಿದೀನಿ," ಎಂದು ತಿದ್ದಪ್ಪನವರು ನಡೆದರು. ಇದು ಯಾವುದಕ್ಕೆ ಉತ್ತರ ಎಂದು ಟೀಚರಮ್ಮ ಗೇಟು ಹಿಡಿದುಕೊಂಡೇ ಯೋಚಿಸಿದರು. ಭಾವಮೈದ ಮಾತ್ರ ಹೆಮ್ಮೆಯಿಂದ ಹಿಂದೆ ಹೋದ.

ಸೌನಾದ ಹೊರಕೋಣೆಯಲ್ಲಿ ಒಂದು ಕೌಂಟರು, ಎದುರಿಗೆ ಉದ್ದ ಬೆಂಚು. ಬೆಂಚಿನ ಮುಂದೆ ಎರಡು ಬಾಗಿಲು, ಎಡಕ್ಕೆ ಗಂಡಸರದು, ಬಲಕ್ಕೆ ಹೆಂಗಸರದು. ಕೌಂಟರಿನ ಹೆಂಗಸು ಪಾಸು ನೋಡಿ, ಅಂಚು ಹರಿದು, ಒಂದು ಕೈಪಿಡಿ ಮುಂದೆ ಹಿಡಿದಳು.

"ಮೊದಲ ಸಲನಾ ಸರ್? ಇದನ್ನ ಓದ್ಕೊಳ್ಳಿ."

"ಅಗತ್ಯವಿಲ್ಲ," ಎಂದು ತಿದ್ದಪ್ಪನವರು ಅದನ್ನು ಎರಡು ಬೆರಳಿನಿಂದ ಹಿಂದಕ್ಕೆ ತಳ್ಳಿದರು. "ಅದು ನನ್ನದೇ."

ಹೆಂಗಸು ಲೇಖಕರೆಂದು ತಿಳಿದು ಎದ್ದು ನಿಂತಳು.

ತಿದ್ದಪ್ಪನವರ ತಲೆಯೊಳಗೆ ಹಾಳೆ ಬಿಚ್ಚಿಕೊಂಡಿತು, ಮೇಜಿನ ಮೇಲೆ ಬಂದಿದ್ದ ಹಾಗೇ, ಮಡಿಸದೆ. ಮೊದಲ ಪುಟ: 'ನೀರು ಕುಡಿದು ಹೊರಗಿನ ಬೆಂಚಿನ ಮೇಲೆ ನೆಮ್ಮದಿಯಾಗಿ ಕುಳಿತುಕೊಳ್ಳಿ. ಅವಸರ ಬೇಡ. ಜೊತೆಗೆ ಬಂದವರು ಹೊರಗೆ ಬರುವವರೆಗೆ ಕಾಯಿರಿ.'

ಇಬ್ಬರೂ ನೀರು ಕುಡಿದು ಬೆಂಚಿನ ಮೇಲೆ ಕೂತರು. ಐದು ನಿಮಿಷವಾಯಿತು, ಹದಿನೈದಾಯಿತು.

"ಭಾವ, ಯಾರಿಗೆ ಕಾಯ್ತಾ ಇದೀವಿ?"

"ಜೊತೆಗೆ ಬಂದವರಿಗೆ."

"ಜೊತೆಗೆ ಬಂದವನು ನಾನೇ ಅಲ್ವಾ?"

"ನೀನು ಹೊರಗೇ ಇದೀಯಲ್ಲ. ಹೊರಗೆ ಬರೋದು ಹೇಗೆ?" ತಿದ್ದಪ್ಪನವರಿಗೂ ಇಲ್ಲಿ ಸ್ವಲ್ಪ ತೊಡಕೆನಿಸಿತು. ಆದರೆ ಶಾಸ್ತ್ರದಲ್ಲಿ ತೊಡಕು ಇರುವುದೇ. "ಸುಮ್ನೆ ಕೂತ್ಕೋ. ಅನುಭವಿಗಳು ಬರೆದಿರ್ತಾರೆ."

ಬೆಂಚು ಹೆಂಗಸರ ಬಾಗಿಲಿಗೇ ನೇರವಾಗಿತ್ತು. ಇಬ್ಬರು ಗಂಡಸರು ಮಾತಿಲ್ಲದೆ, ನೆಟ್ಟಗೆ ಕೂತು, ಆ ಬಾಗಿಲನ್ನೇ ನಲವತ್ತು ನಿಮಿಷ ನೋಡಿದರು. ಒಳಗಿನಿಂದ ಬಂದ ಒಬ್ಬ ಹಿರಿಯ ಹೆಂಗಸು ಇವರನ್ನು ನೋಡಿ ಟವೆಲ್ಲನ್ನು ಕುತ್ತಿಗೆವರೆಗೆ ಎಳೆದುಕೊಂಡು ಕೌಂಟರಿಗೆ ಹೋಗಿ ಪಿಸುಗುಟ್ಟಿದರು. ಕೌಂಟರಿನ ಹೆಂಗಸು ಬಂದಳು.

"ಸರ್, ಯಾರನ್ನಾದ್ರೂ ಕರೀಬೇಕಾ ಒಳಗಿಂದ?"

"ಬೇಡಮ್ಮ. ಕಾಯೋದು ಮುಗೀತು ಅನ್ಸತ್ತೆ," ಎಂದು ತಿದ್ದಪ್ಪನವರು ಎದ್ದರು. ಎದ್ದವರು ಆ ಬಾಗಿಲ ಕಡೆ ಇನ್ನೊಮ್ಮೆ ನೋಡಿದ್ದೇಕೆಂದು ಅವರಿಗೇ ತಿಳಿಯಲಿಲ್ಲ.

ಮುಂದಿನ ಪುಟ: 'ಚಪ್ಪಲಿ, ಗಡಿಯಾರ, ಲೋಹದ ವಸ್ತುಗಳನ್ನು ಕೌಂಟರಿನಲ್ಲಿ ಬಿಡಿ.' ತಿದ್ದಪ್ಪನವರ ಕನ್ನಡಕಕ್ಕೆ ತಂತಿಯ ಚೌಕಟ್ಟು. ಅದನ್ನೂ ತೆಗೆದಿಟ್ಟರು. ಅಲ್ಲಿಗೆ ಜಗತ್ತು ನೀರು ಬಿದ್ದ ಶಾಯಿಯಾಯಿತು. ಭಾವಮೈದ ತನ್ನ ಸೊಂಟದ ಬೀಗದ ಕೈಗಳ ಗೊಂಚಲು ಬಿಚ್ಚಿಟ್ಟ. ಕೌಂಟರು ಅಲುಗಿತು.

ಅದರ ಮುಂದಿನದು: 'ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಬಹುದು. ಹಾಕುವ ಮುಂಚೆ ಕುಳಿತಿರುವ ಎಲ್ಲರ ಅಪ್ಪಣೆ ಕೇಳಿ.'

ಪ್ಯಾಂಟು, ಅಂಗಿ, ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಸಮೇತ ತಿದ್ದಪ್ಪನವರು ಬಿಸಿ ಕೋಣೆಯ ಬಾಗಿಲು ತೆರೆದು ಒಳಗೆ ಹೋದರು, ಹಿಂದೆ ಭಾವಮೈದ. ಮರದ ಹಲಗೆಗಳ ಮೇಲೆ ಟವೆಲ್ಲು ಸುತ್ತಿಕೊಂಡು ಕೂತಿದ್ದ ನಾಲ್ವರು, ಅಗ್ನಿಶಾಮಕದವರು ಬಂದರೇನೋ ಎಂಬಂತೆ ನೋಡಿದರು.

ತಿದ್ದಪ್ಪನವರು ಬಾಗಿಲ ಪಕ್ಕದಲ್ಲಿದ್ದ ಮೊದಲ ಆಕಾರಕ್ಕೆ ಕೈಮುಗಿದರು. "ಸ್ವಾಮಿ, ಕಲ್ಲಿಗೆ ಒಂದು ಸೌಟು ನೀರು ಹಾಕಲು ತಮ್ಮ ಅಪ್ಪಣೆಯಾಗಬೇಕು." ಉತ್ತರ ಬರಲಿಲ್ಲ. ಇನ್ನೂ ವಿನಯದಿಂದ ಕೇಳಿದರು. ಮೂರನೆಯ ಸಲ, "ತಮಗೆ ಬೇಸರವಾಗಿದ್ದರೆ ಕ್ಷಮಿಸಬೇಕು," ಎಂದರು.

ಮೇಲಿನ ಹಲಗೆಯಿಂದ ಒಂದು ದನಿ ಬಂತು. ನಿವೃತ್ತ ಜಡ್ಜ್ ಸಾಹೇಬರು, ಪ್ರತಿ ಭಾನುವಾರ ಅಲ್ಲಿ ಕೂರುವವರು. "ಅದು ಮೊಳೆಗೆ ಹಾಕಿರೋ ಟವೆಲ್ಲು. ಅದರ ಆಕ್ಷೇಪಣೆ ಇಲ್ಲ. ನಮ್ಮದೂ ಇಲ್ಲ, ಹಾಕಿ. ಆದರೆ ನೀವು ಅಂಗಿ ಯಾಕೆ ಹಾಕ್ಕೊಂಡಿದೀರಿ?"

"ಅಂಗಿ ತೆಗೆಯೋದು ಇನ್ನೂ ಬಂದಿಲ್ಲ ಸ್ವಾಮಿ. ಮುಂದೆ ಬರುತ್ತೆ."

"ಎಲ್ಲಿ ಬರುತ್ತೆ?"

"ಗ್ರಂಥದಲ್ಲಿ. ಅದನ್ನ ಪಾಸು ಮಾಡಿದವನೇ ನಾನು."

ಕೆಳಗಿನ ಹಲಗೆಯಲ್ಲಿ ಕೂತಿದ್ದ ಪಾತ್ರೆ ಅಂಗಡಿಯವನು ಗಾಬರಿಯಾದ. ಅವನೂ ಅಂದೇ ಮೊದಲ ಸಲ ಬಂದವನು. "ಸರ್, ಹಾಗಾದ್ರೆ ನಾನು ಆಗ್ಲೇ ಅಂಗಿ ತೆಗೆದಿರೋದು ತಪ್ಪಾ?"

"ಅವಸರ ಮಾಡಿದ್ರಿ," ಎಂದರು ತಿದ್ದಪ್ಪನವರು, ಕರುಣೆಯಿಂದ.

ಪಾತ್ರೆ ಅಂಗಡಿಯವನು ಓಡಿಹೋಗಿ ಪ್ಯಾಂಟು, ಅಂಗಿ ಹಾಕಿಕೊಂಡು ಬಂದ. ತಿಳಿದವರು ಒಬ್ಬರು ಸಿಕ್ಕಾಗ ಬಿಡಬಾರದೆಂದು ಅವನ ಪಾಲುದಾರನೂ ಹಾಕಿಕೊಂಡ. ಸೌಟಿನ ನೀರು ಕಲ್ಲಿನ ಮೇಲೆ ಬಿದ್ದು ಬುಸ್ಸೆಂದಿತು. ಬಿಸಿ ಹಬೆ ನಾಲ್ಕು ಅಂಗಿಗಳ ಕಾಲರಿನೊಳಗೆ ನುಗ್ಗಿತು. ಭಾವಮೈದನ ಮುಖ ಕುಲುಮೆಯಿಂದ ತೆಗೆದ ಬೀಗದ ಹಾಗಾಯಿತು.

ಅದರ ಮುಂದಿನದು: 'ಸಾಕೆನಿಸಿದ ಕೂಡಲೇ ಹೊರಗೆ ಬಂದು ತಣ್ಣೀರು ಸುರಿದುಕೊಳ್ಳಿ.' ಸಾಕೆನ್ನಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾಲ್ವರೂ ಹೊರಗೆ ಬಂದು, ಅಂಗಿ ಪ್ಯಾಂಟಿನ ಮೇಲೇ ಬಕೆಟ್ಟಿನಿಂದ ತಣ್ಣೀರು ಸುರಿದುಕೊಂಡರು. ಪಾತ್ರೆ ಅಂಗಡಿಯವನ ಜೇಬಿನಿಂದ ಒದ್ದೆ ಬಿಲ್ಲುಗಳು ನೆಲಕ್ಕೆ ಬಿದ್ದವು.

"ಇದರಿಂದ ಏನು ಪ್ರಯೋಜನ ಸರ್?"

"ಫಲ ಕೊನೇಲಿ ಸಿಗುತ್ತೆ," ಎಂದು ತಿದ್ದಪ್ಪನವರು ಹಲ್ಲು ಕಟಕಟಿಸುತ್ತ ಹೇಳಿದರು.

'ಈಗ ಬಟ್ಟೆ ತೆಗೆದು ಸೋಪು ಹಾಕಿ ಸ್ನಾನ ಮಾಡಿ, ಮೈ ಚೆನ್ನಾಗಿ ಒರೆಸಿಕೊಳ್ಳಿ.' ಮಾಡಿದರು. 'ಎರಡನೆಯ ಸುತ್ತಿನಲ್ಲಿ, ಅಭ್ಯಾಸವಾದವರು, ಮೇಲಿನ ಹಲಗೆಗೆ ಏರಬಹುದು.' ತಿದ್ದಪ್ಪನವರು ಟವೆಲ್ಲು ಸುತ್ತಿಕೊಂಡು, ಕಣ್ಣು ಕಾಣದೆ, ಮೂವರು ಶಿಷ್ಯರ ಮುಂದೆ ನೇರವಾಗಿ ಅತಿ ಮೇಲಿನ ಹಲಗೆಗೆ ಏರಿ ಜಡ್ಜ್ ಸಾಹೇಬರ ಪಕ್ಕ ಕೂತರು.

ಅಲ್ಲಿನ ಬಿಸಿ ಬೇರೆಯೇ ಆಗಿತ್ತು. ಅದು ಚರ್ಮದಲ್ಲಿ ನಿಲ್ಲದೆ ಒಳಗೆ ಇಳಿಯಿತು, ಮೂಳೆಯವರೆಗೂ. ತಿದ್ದಪ್ಪನವರು ತಮ್ಮ ಬೆರಳುಗಳನ್ನು ಚಾಚಿ, ಮಡಚಿ ನೋಡಿದರು. ಇಂಥ ಬಿಸಿಯೇ, ಎಂದುಕೊಂಡರು.

"ಎಲ್ಲ ಸರಿಯಾಗಿ ನಡೀತಿದೆಯಾ?" ಎಂದು ಜಡ್ಜ್ ಸಾಹೇಬರು ಕೇಳಿದರು.

"ಒಂದು ಒತ್ತು ತಪ್ಪಿಲ್ಲ ಸ್ವಾಮಿ," ಎಂದು ಹೇಳಿ ತಿದ್ದಪ್ಪನವರು ನಿಧಾನವಾಗಿ, ಮರ್ಯಾದೆಯಿಂದ, ಜಡ್ಜ್ ಸಾಹೇಬರ ಭುಜದ ಮೇಲೆ ತಲೆಯಿಟ್ಟು ಎಚ್ಚರ ತಪ್ಪಿದರು.

ಕಣ್ಣು ಬಿಟ್ಟಾಗ ಹೊರಕೋಣೆಯ ಬೆಂಚಿನ ಮೇಲಿದ್ದರು. ಮೈಗೆ ಬಿಳಿ ಬಟ್ಟೆ ಸುತ್ತಿತ್ತು. ಸುತ್ತಲೂ ಸೌನಾದ ಕೆಲಸದವನು, ಕೌಂಟರಿನ ಹೆಂಗಸು, ಒದ್ದೆ ಪ್ಯಾಂಟು ಹಿಂಡುತ್ತಿರುವ ಪಾತ್ರೆ ಅಂಗಡಿಯವನು, ಗಾಳಿ ಬೀಸುತ್ತಿರುವ ಭಾವಮೈದ.

"ವಿಶ್ರಾಂತಿ," ಎಂದರು ತಿದ್ದಪ್ಪನವರು ಕ್ಷೀಣವಾಗಿ. "ಸರಿಯಾಗಿದೆ. ಈಗ ವಿಶ್ರಾಂತಿಯ ಪುಟವೇ."

"ಯಾವ ಪುಟ ಸ್ವಾಮಿ?" ಕೆಲಸದವನಿಗೆ ತಾಳ್ಮೆ ಮುಗಿದಿತ್ತು. "ಬಟ್ಟೆ ಹಾಕ್ಕೊಂಡು ಒಳಗೆ ಹೋಗಿದೀರಿ, ಆಮೇಲೆ ಸ್ನಾನ ಮಾಡಿದೀರಿ, ಹೊಸಬರು ಸೀದಾ ಮೇಲಿನ ಹಲಗೆಗೆ ಹತ್ತಿದೀರಿ. ಎಲ್ಲಾ ಉಲ್ಟಾ. ಪುಸ್ತಕ ಓದಿಲ್ವಾ?"

ತಿದ್ದಪ್ಪನವರ ಮುಖಕ್ಕೆ ರಕ್ತ ಬಂತು. ಕನ್ನಡಕ ಹಾಕಿಸಿಕೊಂಡು, ನೀರು ಕುಡಿದು, ಎದ್ದು ಕೂತು ಕೈ ಚಾಚಿದರು. ಕೌಂಟರಿನ ಹೆಂಗಸು ಕೈಪಿಡಿ ಕೊಟ್ಟಳು. ಮೊದಲ ಪುಟ ತಿರುವಿದರು, ಎರಡನೆಯದು, ಮೂರನೆಯದು. ಅವರ ಹುಬ್ಬು ಮೇಲೇರಿತು. ಭಾವಮೈದನ ಕೈಯಲ್ಲಿದ್ದ ಒದ್ದೆ ಅಂಗಿಯ ಜೇಬಿನಿಂದ ಕೆಂಪು ಪೆನ್ನು ಸೆಳೆದುಕೊಂಡರು.

"ತಪ್ಪು. ಪೂರ್ತಿ ತಪ್ಪು."

"ಎಲ್ಲಿ ಸರ್?"

"ಅಕ್ಷರ ಎಲ್ಲಾ ಸರಿ ಇದೆ. ಮಡಿಸಿದ್ದು ತಪ್ಪು. ಕೊನೇಲಿ ಇರಬೇಕಾದ್ದು ಮೊದಲಿದೆ, ಮೊದಲಿರಬೇಕಾದ್ದು ಕೊನೇಲಿದೆ. ಎರಡು ಸಾವಿರ ಪ್ರತಿ ಹಾಳು. ಮಡಿಸಿದವರು ಕಣ್ಣು ಮುಚ್ಕೊಂಡು ಮಡಿಸಿದಾರೆ. ಓದೋಕೆ ಬರದವರ ಕೈಗೆ ಕೊಟ್ರೆ ಹೀಗೇ ಆಗೋದು."

ಕೆಲಸದವನ ಮುಖದಲ್ಲಿ ಸಂಶಯ ಮೂಡಿತು. ಪಾತ್ರೆ ಅಂಗಡಿಯವನು, "ಹಾಗೆ ಹೇಳಿ ಮತ್ತೆ," ಎಂದ. ಕೌಂಟರಿನ ಹೆಂಗಸು ದೂರು ಬರೆಯುವ ಪುಸ್ತಕ ತೆರೆದಳು.

"ಮುದ್ರಣಾಲಯಕ್ಕೆ ಕಳಿಸ್ತೀವಿ ಸರ್. ಮಡಿಸಿದವರು ಯಾರಂತ ಗೊತ್ತಾ? ಬರ್ಕೋತೀನಿ."

"ಬರ್ಕೊಳಿ. ಹಿಂದಿನ ಹಜಾರದಲ್ಲಿ ಇದನ್ನ ಯಾರು ಮಡಿಸಿದ್ದೋ ಅವರನ್ನ ನಾಳೆಯಿಂದಲೇ..."

"ಭಾವ."

"ನೀನು ಸುಮ್ನಿರೋ. ಅವರನ್ನ ನಾಳೆಯಿಂದಲೇ ಕೆಲಸದಿಂದ..."

"ಭಾವ," ಎಂದ ಭಾವಮೈದ. "ಮಡಿಸಿದ್ದು ಅಕ್ಕ."

ತಿದ್ದಪ್ಪನವರು ಕೈಪಿಡಿಯನ್ನು ತಿರುಗಿಸಿ ಬೆನ್ನು ನೋಡಿದರು. ಮಡಿಕೆಯ ಅಂಚು ಹೊಳೆಯುತ್ತಿತ್ತು. ಒಂದು ಸಲ ತೀಡಿದರೆ ಹಾಗೆ ಹೊಳೆಯುವುದಿಲ್ಲ. ಮುದ್ರಣಾಲಯದಲ್ಲಿ ಎರಡು ಸಲ ತೀಡುವವರು ಒಬ್ಬರೇ ಇದ್ದರು. ಬೇಡ, ಒಂದು ಸಲ ಸಾಕು, ಬೆರಳು ನೋಯುತ್ತದೆ ಎಂದು ಯಜಮಾನರೇ ಹೇಳಿದರೂ ಕೇಳುತ್ತಿರಲಿಲ್ಲ.

ಅವರು ಮತ್ತೆ ಮೊದಲ ಪುಟ ತೆರೆದರು. ಈ ಸಲ ಒತ್ತು, ದೀರ್ಘ ನೋಡಲಿಲ್ಲ. ಚಪ್ಪಲಿ, ಗಡಿಯಾರ ತೆಗೆದಿಡುವುದು. ಸ್ನಾನ ಮಾಡುವುದು. ಕೆಳಗಿನ ಹಲಗೆಯಲ್ಲಿ ಕೂರುವುದು. ನೀರು ಹಾಕಲು ಅಪ್ಪಣೆ ಕೇಳುವುದು. ಹೊರಗೆ ಬಂದು ತಣ್ಣಗಾಗುವುದು. ವಿಶ್ರಾಂತಿ. ಇನ್ನೊಂದು ಸುತ್ತು. ಒಂದರ ಕೈ ಇನ್ನೊಂದು ಹಿಡಿದುಕೊಂಡು ಪುಟಗಳು ಹೋಗುತ್ತಿದ್ದವು. ಎಷ್ಟು ಸರಳವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಯಾರೂ ಹೇಳದೆ, ತಾವೇ, ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಪುಸ್ತಕ ಅದು.

"ಅದಕ್ಕೇ ನಕ್ಕಿದ್ದು," ಎಂದರು.

"ಯಾರು ಭಾವ?"

"ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು. ನಾನು ಹೀಗೆ ಉಲ್ಟಾ ಒಪ್ಪಿಸ್ತಾ ಇದ್ದೆ. ಅವಳು ತಿದ್ದಲಿಲ್ಲ ಕಣೋ." ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. "ನನ್ನ ಒಂದು ತಪ್ಪನ್ನೂ ತಿದ್ದಲಿಲ್ಲ."

ಕೌಂಟರಿನ ಹೆಂಗಸು ದೂರಿನ ಹಾಳೆಯನ್ನು ಸದ್ದಾಗದಂತೆ ಹರಿದಳು. ಆಮೇಲೆ, "ಸರ್, ಐದು ಗಂಟೆವರೆಗೂ ತೆಗೆದಿರುತ್ತೆ. ಪಾಸು ಇವತ್ತು ಪೂರ್ತಿ ನಡೆಯುತ್ತೆ," ಎಂದಳು.

ಕೆಲಸದವನ ದನಿಯೂ ಇಳಿದಿತ್ತು. "ಒಂದು ಗಂಟೆ ಸುಮ್ನೆ ಕೂತಿರಿ. ನೀರು ಕುಡೀರಿ. ಆಮೇಲೆ ನಾನೇ ಜೊತೆಗೆ ಬರ್ತೀನಿ. ಕೆಳಗಿನ ಹಲಗೆ, ಐದೇ ನಿಮಿಷ. ಒಂದೇ ಸುತ್ತು."

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಿದ್ದಪ್ಪನವರು ಎದ್ದರು. ಕನ್ನಡಕ ಮತ್ತೆ ಬಿಚ್ಚಿಟ್ಟರು. ಸ್ನಾನ ಮಾಡಿ, ಮೈ ಒರೆಸಿಕೊಂಡು, ಕೆಳಗಿನ ಹಲಗೆಯ ಮೇಲೆ ಕೂತರು. ಜಡ್ಜ್ ಸಾಹೇಬರು ಇನ್ನೂ ಮೇಲೆಯೇ ಇದ್ದರು. "ಈಗ ಸರಿಯಾಗಿದೆ," ಎಂದರು. ತಿದ್ದಪ್ಪನವರು ಗ್ರಂಥದ ಮಾತೆತ್ತಲಿಲ್ಲ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅಲ್ಲಿ ಕೂರಲು ಬಂದ ಪಾತ್ರೆ ಅಂಗಡಿಯವನು ಏನು ತೋಚಿತೋ, ಎದುರಿನ ಹಲಗೆಗೆ ಹೋದ.

ಐದು ನಿಮಿಷಕ್ಕೆ ಕೆಲಸದವನು ಕರೆದ. ತಣ್ಣೀರು, ವಿಶ್ರಾಂತಿ ಎಲ್ಲ ಆಯಿತು. ಒಣಗಿದ ಬಟ್ಟೆ ಹಾಕಿಕೊಂಡು ಹೊರಗೆ ಬಂದು, ನೀರು ಕುಡಿದು, ತಿದ್ದಪ್ಪನವರು ಅದೇ ಬೆಂಚಿನ ಮೇಲೆ ಕೂತರು. ಎದುರಿಗೆ ಅದೇ ಬಾಗಿಲು.

"ಹೋಗೋಣ್ವಾ ಭಾವ?"

"ಇನ್ನೊಂದು ಪುಟ ಇದೆ."

ಕೈಪಿಡಿಯ ಕೊನೆಯ ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡರು. 'ಅವಸರ ಬೇಡ. ಜೊತೆಗೆ ಬಂದವರು ಹೊರಗೆ ಬರುವವರೆಗೆ ಕಾಯಿರಿ.' ಪೆನ್ನು ತೆಗೆದು ಕೊನೆಯ ವಾಕ್ಯದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಗೆರೆ ಎಳೆದರು. ಅನಗತ್ಯವಾದುದನ್ನು ಹೊಡೆದುಹಾಕುವುದು ಅವರ ಕೆಲಸ.

ಹೆಂಗಸರ ಬಾಗಿಲು ತೆರೆಯಿತು. ಕೂದಲು ಒದ್ದೆಯಾಗಿದ್ದ ಯಾರೋ ಬಂದು, ಹೊರಗೆ ನಿಂತಿದ್ದ ಗಂಡನನ್ನು ಕಂಡು, ಬೇಗ ಬೇಗ ಹೋದರು. ಬಾಗಿಲು ಅವರ ಹಿಂದೆ ಎರಡು ಸಲ ತೂಗಿ ನಿಂತಿತು.

ತಿದ್ದಪ್ಪನವರು ಅದು ಪೂರ್ತಿ ನಿಲ್ಲುವವರೆಗೆ ನೋಡಿದರು. ಆಮೇಲೆ ತಲೆ ಬಗ್ಗಿಸಿ, ಹೊಡೆದ ಸಾಲಿನ ಕೆಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕೆ ಇಟ್ಟರು. ನಿಧಾನವಾಗಿ, ಒಂದೂ ಬಿಡದೆ.

ಕೌಂಟರಿನ ಹೆಂಗಸು ಗಡಿಯಾರ ನೋಡಿದಳು. ನಾಲ್ಕೂವರೆ. ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು.

ಭಾವಮೈದ ಬೀಗದ ಕೈಗಳ ಗೊಂಚಲು ಸದ್ದು ಮಾಡದಂತೆ ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲಿ ಕೂತ. ಯಾರಿಗೆ ಎಂದು ಈ ಸಲ ಕೇಳಲಿಲ್ಲ.